ನೆಲ್ಲಿಕಾಯಿ ಕೊಟ್ಟರೆ ಕೊಡೆಗೆ ವಿಮೆ

“ಹೋಯ್ತು,” ಎಂದಳು ಆನ್‌ಮರಿಯ.

ಹೋಗಿದ್ದು ಅವಳ ಹೊಸ ಕೊಡೆ. ಗಾಳಿಗೆ ಮಗುಚಿ, ಶಾಲೆಯ ಬೋಟಿನಿಂದ ಹಾರಿ, ಹಿನ್ನೀರಿನಲ್ಲಿ ಬಾತುಕೋಳಿಗಳ ನಡುವೆ ಬಿತ್ತು. ಬಾತುಗಳು ಬೈದುಕೊಳ್ಳುತ್ತಾ ದೂರ ಸರಿದವು. ಕೊಡೆ ಸ್ವಲ್ಪ ತೇಲಿ ಮುಳುಗಿತು. ಮಕ್ಕಳೆಲ್ಲ ನಕ್ಕರು. ಆನ್‌ಮರಿಯ ಕೂಡ ನಕ್ಕಳು. ಅವಳಿಗೇನು ಚಿಂತೆ, ಕೊಡೆಗೆ ವಿಮೆ ಇತ್ತಲ್ಲ.

ವಿಮೆಯ ಏರ್ಪಾಡು ಅವಳ ಗೆಳತಿ ಟಿಸ್ಸಳದು. ಟಿಸ್ಸಳ ಅಮ್ಮ ಇನ್ಶೂರೆನ್ಸ್ ಬ್ರೋಕರ್ ಆಗಲು ಪರೀಕ್ಷೆಗೆ ಓದುತ್ತಿದ್ದಳು. ಅದನ್ನು ಕೇಳಿ ಕೇಳಿ ಮಗಳು ಪರೀಕ್ಷೆಯನ್ನೇ ಬರೆಯದೆ ಬ್ರೋಕರ್ ಆಗಿಬಿಟ್ಟಿದ್ದಳು. ಅವರ ಕ್ಲಾಸಿನ ರೋಜಿನ್‌ನ ಅಪ್ಪನದು ಕೊಡೆ ಅಂಗಡಿ. ಮಾರಾಟವಾಗದ ಹಳೇ ಕೊಡೆಗಳು ಅವರ ಮನೆಯ ಅಟ್ಟದ ತುಂಬ ಇದ್ದವು. ಮಕ್ಕಳು ದಿನಾ ಒಂದೊಂದು ಉಪ್ಪು ನೆಲ್ಲಿಕಾಯಿ ರೋಜಿನ್‌ಗೆ ಕೊಡಬೇಕು. ಯಾರ ಕೊಡೆ ಹೋದರೂ ಅವನು ಅಟ್ಟದಿಂದ ಒಂದು ತಂದುಕೊಡಬೇಕು. ಗಿರಾಕಿಗಳನ್ನು ಹಿಡಿದು ತರುವ ಟಿಸ್ಸಳಿಗೂ ನೆಲ್ಲಿಕಾಯಿಯಲ್ಲಿ ಪಾಲು.

ಬೋಟು ನಿಲ್ಲುವ ಜೆಟ್ಟಿಯಲ್ಲಿ ಇಳಿದೊಡನೆ ಆನ್‌ಮರಿಯ ಕೇಳಿದಳು, “ನಾಳೆ ತಂದ್ಕೊಡು. ನೀಲಿದು.”

“ಕೊಡಲ್ಲ,” ಎಂದ ರೋಜಿನ್, ನೆಲ್ಲಿಕಾಯಿ ಬೀಜ ಉಗಿದು. “ಬೋಟಲ್ಲಿ ಕೊಡೆ ಬಿಚ್ಚಿದ್ರೆ ವಿಮೆ ಇಲ್ಲ ಅಂತ ಮೊದಲೇ ಹೇಳಿದ್ದೆ.”

“ಯಾರಿಗೆ ಹೇಳಿದ್ದೆ?”

“ಟಿಸ್ಸಗೆ.”

ಇಬ್ಬರೂ ಟಿಸ್ಸಳತ್ತ ತಿರುಗಿದರು. ಅವಳಿಗೆ ಇದ್ದಕ್ಕಿದ್ದಂತೆ ಚಪ್ಪಲಿಯ ಬಕಲ್ ಸರಿಮಾಡಿಕೊಳ್ಳುವ ಕೆಲಸ ಬಿತ್ತು. ರೋಜಿನ್ ಹೇಳಿದ್ದು ನಿಜ. ಆದರೆ ದಿನಾ ಬೋಟಿನಲ್ಲಿ ಬರುವವರಿಗೆ ಆ ಮಾತು ಹೇಳಿದರೆ ಯಾರು ನೆಲ್ಲಿಕಾಯಿ ಕೊಡುತ್ತಾರೆ? ಅದಕ್ಕೇ ಅವಳು ಅದನ್ನು ಹೇಳದೆ ನುಂಗಿಕೊಂಡಿದ್ದಳು.

“ನಾಳೆ ನೋಡೋಣ,” ಎಂದು ಮನೆ ಕಡೆ ಓಡಿದಳು.

ಅಮ್ಮ ಮರಗೆಣಸಿನ ಸಿಪ್ಪೆ ತೆಗೆಯುತ್ತಾ ಪಾಠ ಗುನುಗುತ್ತಿದ್ದಳು.

“ಅಮ್ಮ, ನೀನು ಆಗಲೇ ಏಜೆಂಟ್ ಅಲ್ವಾ? ಮತ್ತೆ ಬ್ರೋಕರ್ ಯಾಕೆ ಆಗ್ಬೇಕು?”

“ನೋಡು ಮೋಳೇ, ಏಜೆಂಟ್ ಅಂದ್ರೆ ಕಂಪನಿ ಕಡೆಯವಳು. ಬ್ರೋಕರ್ ವಿಮೆ ತಗೊಳ್ಳೋರ ಕಡೆಯವಳು. ನೆರೆ ಬಂದು ಮನೆ ಹೋದಾಗ, ವಿಮೆ ಹಣ ಸಿಗದೆ ಪಕ್ಕದ್ಮನೆ ಕುರಿಯಚ್ಚನ್ ಇದೇ ಬಾಗಿಲಲ್ಲಿ ನಿಂತು ಅತ್ರು. ನಾನು ಕಂಪನಿ ಹೇಳಿದ್ದನ್ನೇ ಹೇಳಿ ಕಳಿಸ್ದೆ. ಅವತ್ತೇ ಅಂದ್ಕೊಂಡೆ, ಇನ್ನು ಅಂಥವರ ಪಕ್ಕ ನಿಲ್ಬೇಕು ಅಂತ.”

“ಬ್ರೋಕರ್ ಏನಾದ್ರೂ ಹೇಳೋದು ಮರೆತ್ರೆ?”

“ಮರೆತ್ರೋ, ಮುಚ್ಚಿಟ್ರೋ?”

“ಸುಮ್ನೆ ಕೇಳ್ದೆ,” ಎಂದಳು ಟಿಸ್ಸ, ಸಿಪ್ಪೆ ಆರಿಸುತ್ತಾ.

“ಎರಡಕ್ಕೂ ಉತ್ತರ ಒಂದೇ. ನಷ್ಟ ಬ್ರೋಕರ್ ತಲೆ ಮೇಲೆ.”

ಆ ರಾತ್ರಿ ಮೀನು ಸಾರು ಕೂಡ ಟಿಸ್ಸಳಿಗೆ ಸೇರಲಿಲ್ಲ.

ಬೆಳಿಗ್ಗೆ ಧೋ ಎಂದು ಮಳೆ. ಆನ್‌ಮರಿಯ ತಲೆಗೆ ಕೆಸುವಿನ ಎಲೆ ಹಿಡಿದು ಜೆಟ್ಟಿಗೆ ಬಂದಳು. ಇವತ್ತು ಅವಳು ನಗಲಿಲ್ಲ. “ಈ ಮಳೆಗಾಲಕ್ಕೆ ಇನ್ನೊಂದು ಕೊಡೆ ಇಲ್ಲ ಅಂದ್ರು ಅಪ್ಪ,” ಎಂದಳು, ಟಿಸ್ಸಳನ್ನು ಬಿಟ್ಟು ಉಳಿದವರಿಗೆಲ್ಲ.

ಟಿಸ್ಸ ಹೋಗಿ ಅವಳ ಪಕ್ಕದಲ್ಲಿ ನಿಂತಳು.

“ರೋಜಿನ್, ಆ ಮಾತು ನಾನು ಇವಳಿಗೆ ಹೇಳಲೇ ಇಲ್ಲ. ಬೇಕಂತ್ಲೇ. ನೀನು ಕೊಡೆ ಕೊಡು.”

“ನಾನ್ಯಾಕೆ ಕೊಡ್ಲಿ? ಹೇಳದೆ ಇದ್ದಿದ್ದು ನೀನು.”

ಟಿಸ್ಸ ತನ್ನ ಕೊಡೆಯನ್ನೇ ಆನ್‌ಮರಿಯಳ ಕೈಗಿಟ್ಟಳು. ಅಪ್ಪ ಬಿಳಿ ಬಣ್ಣದಲ್ಲಿ ಹೆಸರು ಬರೆದುಕೊಟ್ಟಿದ್ದ ಕೊಡೆ ಅದು. ಕೊಡಲು ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು.

“ಇದರ ಮೇಲೆ ನಿನ್ ಹೆಸರಿದೆ,” ಎಂದಳು ಆನ್‌ಮರಿಯ.

“ಇರ್ಲಿ. ಬೋಟಲ್ಲಿ ಮಾತ್ರ ಬಿಚ್ಚಬೇಡ.”

ನಗಬಾರದು ಎಂದುಕೊಂಡಿದ್ದರೂ ಆನ್‌ಮರಿಯಳಿಗೆ ನಗು ಬಂತು. ಕೆಸುವಿನ ಎಲೆಯನ್ನು ಟಿಸ್ಸಳ ತಲೆಯ ಮೇಲಿಟ್ಟಳು.

ಅಷ್ಟರಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬ ಬಂದು ನೆಲ್ಲಿಕಾಯಿ ಚಾಚಿದ. “ಚೇಚಿ, ನನ್ನ ಕೊಡೆಗೂ ವಿಮೆ ಮಾಡ್ಸು.”

ದಪ್ಪ ನೆಲ್ಲಿಕಾಯಿ. ಟಿಸ್ಸಳ ಬಾಯಲ್ಲಿ ನೀರೂರಿತು.

“ಮೊದಲು ಕೇಳಿಸ್ಕೋ. ಬೋಟಲ್ಲಿ ಬಿಚ್ಚಿ ಹಾರಿಹೋದ್ರೆ ಏನೂ ಸಿಗಲ್ಲ. ಸಿಕ್ಕಿದ್ರೂ ಹಳೇ ಕೊಡೇನೇ.”

ಹುಡುಗ ಯೋಚಿಸಿದ. ನೆಲ್ಲಿಕಾಯಿಯನ್ನು ತನ್ನ ಬಾಯಿಗೇ ಹಾಕಿಕೊಂಡು ಹೊರಟ.

“ಒಳ್ಳೇ ಬ್ರೋಕರ್ ನೀನು,” ಎಂದು ರೋಜಿನ್ ಹಣೆ ಚಚ್ಚಿಕೊಂಡ.

ಕೆನ್ನೆ ಉಬ್ಬಿಸಿಕೊಂಡು ಹೋಗುತ್ತಿದ್ದ ಹುಡುಗನನ್ನೇ ಟಿಸ್ಸ ನೋಡುತ್ತಿದ್ದಳು. ಎಲೆಯಿಂದ ನೀರು ಕತ್ತಿಗಿಳಿಯುತ್ತಿದ್ದರೂ ಅವಳಿಗೆ ಹಿತವಾಗಿತ್ತು.

ಹುಡುಗ ಜೆಟ್ಟಿಯ ಅಂಚಿನಲ್ಲಿ ನಿಂತ, ಕೊಡೆ ಮಡಚಿದ, ಆಮೇಲೆ ಬೋಟು ಹತ್ತಿದ.