ಚಮಚದ ಬೆನ್ನಿನ ಮೇಲೆ

ಮೂರನೇ ಗ್ಲಾಸೂ ಕಲಸುಮೇಲೋಗರವಾಯಿತು.

ಭವ್ಯಶ್ರೀ ಅದನ್ನು ಲ್ಯಾಬಿನ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಾಳೆಹಣ್ಣು, ಉಪ್ಪು, ಪಾತ್ರೆ ತೊಳೆಯುವ ಸೋಪು, ನೀರು ಎಲ್ಲವನ್ನೂ ಸರಿಯಾಗಿಯೇ ಕಲಸಿ ಬಟ್ಟೆಯಲ್ಲಿ ಸೋಸಿದ್ದಳು. ಅದರ ಮೇಲೆ ತಣ್ಣನೆಯ ಸ್ಪಿರಿಟ್ ಹೊಯ್ದರೆ ಬಾಳೆಹಣ್ಣಿನ ಡಿಎನ್‌ಎ ಬಿಳಿ ಎಳೆಗಳಾಗಿ ಮೇಲೇಳಬೇಕಿತ್ತು. ಇಲ್ಲಿ ನೋಡಿದರೆ ಬರೀ ಕದಡಿದ ನೀರು.

"ಸ್ಪಿರಿಟ್ ಮೇಲೆಯೇ ನಿಲ್ಬೇಕು, ಕೆಳಗಿನದ್ದಕ್ಕೆ ಬೆರೀಬಾರ್ದು," ಎಂದರು ಮೆರ್ಲಿನ್ ಟೀಚರ್. "ಇನ್ನು ಒಂದು ಸಲಕ್ಕೆ ಆಗುವಷ್ಟೇ ಉಂಟು. ನಾಳೆ ಎಕ್ಸಿಬಿಶನ್‌ನಲ್ಲಿ ಎಲ್ಲರ ಎದುರು ಮಾಡ್ತೀಯಾ? ಇಲ್ಲದಿದ್ರೆ ಚಾರ್ಟ್ ಮಾತ್ರ ಇಡುವ."

"ಮಾಡ್ತೇನೆ ಟೀಚರ್."

ಹೇಳುವುದೇನೋ ಹೇಳಿಬಿಟ್ಟಳು. ಹೇಗೆ ಮಾಡುವುದೆಂದು ಮಾತ್ರ ಗೊತ್ತಿರಲಿಲ್ಲ.

ಸಂಜೆ ಕುದ್ರೋಳಿಯಲ್ಲಿ ಬಸ್ ಇಳಿದವಳು, ಚೆನ್ನಾಗಿ ಕಳಿತ ಬಾಳೆಹಣ್ಣು ಕೇಳಲು ಮೂಸಬ್ಬರ ಜ್ಯೂಸ್ ಅಂಗಡಿಗೆ ಹೋದಳು. ಅವರು ಫಲೂದಾ ಮಾಡುತ್ತಿದ್ದರು. ಗ್ಲಾಸಿನ ತಳದಲ್ಲಿ ಕೆಂಪು ಸಿರಪ್. ಚಮಚವನ್ನು ಬೋರಲು ಹಿಡಿದು, ಅದರ ಬೆನ್ನಿನ ಮೇಲೆ ಹಾಲನ್ನು ನೂಲಿನಷ್ಟು ಸಣ್ಣಗೆ ಬಿಟ್ಟರು. ಕೆಂಪು ಕದಲಲಿಲ್ಲ. ಬಿಳಿ ಅದರ ಮೇಲೆ ಹೋಗಿ ತಣ್ಣಗೆ ಕೂತಿತು.

ಎಷ್ಟು ಫಲೂದಾ ತಿಂದಿದ್ದಳೋ ಅವಳಿಗೇ ಲೆಕ್ಕವಿಲ್ಲ. ಈ ಕೈಯನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಎಂಥ ಕೈ ಅದು, ಒಂಚೂರೂ ನಡುಗುವುದಿಲ್ಲ.

"ಕಾಕಾ, ನನಗೂ ಇದು ಕಲಿಸ್ತೀರಾ?"

"ಎಂತಕ್ಕೆ? ನನ್ನ ಎದುರೇ ಅಂಗಡಿ ಇಡ್ಲಿಕ್ಕಾ?"

ಅವಳು ಡಿಎನ್‌ಎ ಕತೆಯನ್ನೆಲ್ಲ ಹೇಳಿದಳು. ಮೂಸಬ್ಬ ನಗಲಿಲ್ಲ. ಒಂದು ಗ್ಲಾಸಿಗೆ ಸಿರಪ್ ಹಾಕಿ, ಚಮಚವನ್ನೂ ನೀರಿನ ಲೋಟವನ್ನೂ ಅವಳ ಕೈಗೆ ಕೊಟ್ಟರು.

ಮೊದಲ ಸಲ ಎಲ್ಲ ಗುಲಾಬಿ ಬಣ್ಣ. ಎರಡನೇ ಸಲವೂ ಅದೇ.

"ಗ್ಲಾಸ್ ಯಾವಾಗ ತುಂಬ್ತದೆ ಅಂತ ನೋಡ್ತಾ ಇದ್ದಿ ನೀನು," ಎಂದರು. "ಅದು ತುಂಬ್ತದೆ ಮಗಳೇ. ನೀನು ಚಮಚ ಮಾತ್ರ ನೋಡು."

ಐದನೇ ಸಲ ನೀರು ಸಿರಪ್ಪಿನ ಮೇಲೆ ನಿಂತಿತು. ಮೂಸಬ್ಬ ಎರಡು ಕಪ್ಪಾದ ಬಾಳೆಹಣ್ಣನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಮರುದಿನ ಅವಳ ಟೇಬಲ್ಲಿನ ಸುತ್ತ ಜನವೋ ಜನ. "ಬೇಗ ಹಾಕು ಮಾರಾಯ್ತಿ," ಎಂದು ಹಿಂದಿನಿಂದ ಅವಳ ಕ್ಲಾಸಿನ ಕೆಲ್ವಿನ್ ಅವಸರಪಡಿಸಿದ. ಭವ್ಯಶ್ರೀ ಚಮಚ ಮಾತ್ರ ನೋಡಿದಳು. ಸ್ಪಿರಿಟ್ ಸದ್ದಿಲ್ಲದೆ ಜಾರಿ ಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಎರಡರ ನಡುವೆ ಹಿಂಜಿದ ಹತ್ತಿಯಂತೆ ಬಿಳಿ ಎಳೆಗಳು ಎದ್ದವು.

ಕೆಲ್ವಿನ್ ಬಾಯಿ ಮುಚ್ಚಲು ಮರೆತ. ಮೆರ್ಲಿನ್ ಟೀಚರ್ ಬಗ್ಗಿ ಬಗ್ಗಿ ನೋಡಿದರು. "ನಿನ್ನೆ ಸಂಜೆಯಿಂದ ಇವತ್ತಿಗೆ ಇದು ಹೇಗೆ ಬಂತು ನಿನಗೆ?"

ಭವ್ಯಶ್ರೀ ಚಾರ್ಟಿನತ್ತ ತಿರುಗಿದಳು. ಕೆಳಗೆ 'ಮಾರ್ಗದರ್ಶನ: ಮೆರ್ಲಿನ್ ಟೀಚರ್' ಎಂದಿತ್ತು. ಅದರ ಪಕ್ಕ ಒಂದಷ್ಟು ಜಾಗವಿತ್ತು.

ಸ್ಕೆಚ್ ಪೆನ್ ತೆಗೆದು, ಒಂದೊಂದೇ ಅಕ್ಷರವನ್ನು ಅವಸರವಿಲ್ಲದೆ ಬರೆದಳು: 'ಮತ್ತು ಮೂಸಬ್ಬ, ಜ್ಯೂಸ್ ಅಂಗಡಿ, ಕುದ್ರೋಳಿ.'