ಹಿಮಕ್ಕೆ ಬಿಟ್ಟ ಗೆಡ್ಡೆ

"ಅದಕ್ಕೆ ಕೈ ಹಚ್ಚಬೇಡಿ ದೋನ್ ಎವೊದಿಯೊ. ಅದು ಸಾಯಲಿ ಅಂತಲೇ ನೆಟ್ಟದ್ದು."

ಗೋಡೆಯಾಚೆಯಿಂದ ಹೀಗೆಂದವಳು ದೋನ್ಯಾ ತಿಬುರ್ಸಿಯಾ. ಬೆಟ್ಟದ ಮೇಲಿನ ಸಾನ್ ಹಸಿಂತೊ ಊರಿನಲ್ಲಿ ಮೈಮೇಲಿನ ಕೆಟ್ಟದ್ದನ್ನು ಇಳಿಸುವ ಕೈ ಇದ್ದದ್ದು ಅವಳೊಬ್ಬಳಿಗೇ. ಗೋಡೆಯ ಈಚೆ ಮಂಡಿಯೂರಿ ಕೂತಿದ್ದ ಎವೊದಿಯೊ ತಲೆಯೆತ್ತಲಿಲ್ಲ. ಕೆಳಗೆ ಕರಾವಳಿಯ ವೆರಾಕ್ರೂಸ್ ಪಟ್ಟಣದ ಉದ್ಯಾನದಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದವನು ಅವನು. ಹೆಂಡತಿ ಒತಿಲಿಯಾ ತೀರಿಕೊಂಡ ಮೇಲೆ ಕರಾವಳಿಯ ಸೆಕೆ ಬೇಡವೆಂದು ಆ ವರ್ಷದ ಆಗಸ್ಟಿನಲ್ಲಿ ಬೆಟ್ಟ ಹತ್ತಿ ಬಂದು, ಹನ್ನೊಂದು ವರ್ಷ ಬೀಗ ಬಿದ್ದಿದ್ದ ಮನೆಯನ್ನು ಬಾಡಿಗೆಗೆ ಹಿಡಿದಿದ್ದ. ಆ ಮನೆಯ ಹಿತ್ತಲಿನ ಬಡಗಣ ಮೂಲೆಗೆ ಬಿಸಿಲು ಬೀಳುವುದಿಲ್ಲ. ಊರಿಗೆಲ್ಲ ಮೊದಲ ಹಿಮ ಬೀಳುವುದು ಅಲ್ಲಿ. ತಿಬುರ್ಸಿಯಾ ಆ ಮೂಲೆಯನ್ನು ಆರಿಸಿಕೊಂಡದ್ದೂ ಅದಕ್ಕೇ.

ಆ ಮೂಲೆಯಲ್ಲಿ ಮುಷ್ಟಿಗಾತ್ರದ ಒಂದು ಗೆಡ್ಡೆ ಅರ್ಧ ಹೂತು, ಎರಡು ಹಸಿರು ನಾಲಿಗೆ ಚಾಚಿ ನಿಂತಿತ್ತು. ಎವೊದಿಯೊ ನೋಡಿದೊಡನೆ ಗುರುತು ಹಿಡಿದ. ಬಿಸಿ ಸೀಮೆಯ ಕೆಂಪು ಹೂವಿನ ಗೆಡ್ಡೆ. ಒತಿಲಿಯಾಳ ಅಂಗಳದ ತುಂಬ ಇದ್ದದ್ದು ಇದೇ.

"ಇಂಥ ಗೆಡ್ಡೆ ಚಳಿ ತಡೆಯಲ್ಲ ತಾಯಿ. ನವೆಂಬರಿನ ಸತ್ತವರ ಹಬ್ಬ ಮುಗಿಯೋದರೊಳಗೆ ಒಳಗಿಡಬೇಕು."

"ತಡೆಯಲ್ಲ ಅಂತಲೇ ತಂದಿದ್ದು. ಕ್ರಿಸೋಫರೊನ ತಲೆಯಿಂದ ಕಾಲಿನವರೆಗೆ ಅದನ್ನ ಉಜ್ಜಿ ಇಳಿಸಿದೀನಿ. ಹಿಮ ಅದನ್ನ ಕೊಲ್ಲುತ್ತೆ. ಅದು ಸತ್ತರೆ ಒಳಗಿನದೂ ಸಾಯುತ್ತೆ. ನಮ್ಮಮ್ಮನ ಕಾಲದಿಂದ ಹೀಗೇ."

ಎವೊದಿಯೊ ನಕ್ಕ. "ಹಂಗಾದ್ರೆ ನನ್ನ ಮಂಡಿನೋವನ್ನ ಒಂದು ಆಲೂಗಡ್ಡೆಗೆ ಇಳಿಸಿಕೊಡಿ. ಮೆಣಸಿನಕಾಯಿ ಹಾಕಿ ಬೇಯಿಸಿಕೊಂಡು ತಿಂದುಬಿಡ್ತೀನಿ."

"ನಗು ಬಂದರೆ ನಗಿ. ಕೈ ಮಾತ್ರ ಹಚ್ಚಬೇಡಿ."

ಇದ್ದಿಲು ಮಾರುವ ಕ್ರಿಸೋಫರೊನಿಗೆ ಆ ವರ್ಷ ಬಂದ ಕಾಯಿಲೆಯನ್ನು ಊರು ಮರೆತಿಲ್ಲ. ಅವನ ಚರ್ಮ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತಿತ್ತು. ನೋವಿಲ್ಲ, ರಕ್ತವಿಲ್ಲ. ಕಂದು ಸಿಪ್ಪೆಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಇನ್ನೂ ತೆಳು ಬಿಳಿ. ಅವನಿಗೆ ಮಾಟ ಮಾಡಿಸಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟವರಿಲ್ಲ. ತಿಬುರ್ಸಿಯಾ ಇಳಿಸಿದ ಮೇಲೆ ಅವನು ಎದ್ದು ಕೂತು ಎರಡು ಬಟ್ಟಲು ಅಂಬಲಿ ಕುಡಿದದ್ದನ್ನೂ ಊರು ಕಂಡಿತ್ತು.

ಎವೊದಿಯೊನ ಮನಸ್ಸಿನಲ್ಲಿದ್ದದ್ದು ಬೇರೆ. ವೆರಾಕ್ರೂಸಿನಲ್ಲಿದ್ದ ಮಗಳು ಅಲ್ಬಿನಾ ಬಸುರಿ. ಹಿಂದೆ ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಇದು ಮೂರನೆಯದು, ಕಡೆಯದೆಂದು ವೈದ್ಯರು ಹೇಳಿದ್ದರು. "ಮಗು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಅಮ್ಮನ ಹೂವಿರಬೇಕಪ್ಪಾ" ಎಂದು ಅವಳು ಕೇಳಿದ್ದಳು. ಒತಿಲಿಯಾಳ ಅಂಗಳಕ್ಕೆ ಸಿಮೆಂಟು ಬಿದ್ದು ಬಹಳ ದಿನವಾಗಿತ್ತು. ಆ ಹೂವು ಕೈಗೆ ಸಿಕ್ಕಿದ್ದು ಇಲ್ಲಿ, ಈ ಮೂಲೆಯಲ್ಲಿ.

ಮಾರನೆಯ ಮಧ್ಯಾಹ್ನ ಮಂಜು ಗೋಡೆಯನ್ನು ನುಂಗಿದಾಗ ಅವನು ಗೆಡ್ಡೆಯನ್ನು ಕಿತ್ತು ಅಡುಗೆಮನೆಗೆ ತಂದ. ಅಂಗೈಯಲ್ಲಿ ಅದು ಬೆಚ್ಚಗಿತ್ತು. ಒಲೆಯ ಕಾವೇ ಇರಬೇಕೆಂದುಕೊಂಡ. ಒಲೆ ಇನ್ನೂ ಹತ್ತಿಸಿರಲಿಲ್ಲ.

ಮಾಲಿಯ ಕೈ ಸುಮ್ಮನಿರಲಿಲ್ಲ. ಬೇರು ಹೊರಡುವ ಬುಡದ ಬಿಲ್ಲೆ ಪ್ರತಿ ಹೋಳಿಗೂ ಒಂದಿಷ್ಟು ಅಂಟಿರುವಂತೆ ಕೊಯ್ದರೆ ಒಂದು ಗೆಡ್ಡೆ ಎಂಟಾಗುತ್ತದೆ. ಚಾಕುವನ್ನು ಬೆಂಕಿಗೆ ಹಿಡಿದು ಕೊಯ್ದ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಹೂಮಾಲೆಯ ವಾಸನೆ ಎದ್ದಿತು. ಅದರಡಿ ಇನ್ನೊಂದು ವಾಸನೆ. ಹಳೆಯ ಗಾಯದ ಬಟ್ಟೆ ಬಿಚ್ಚಿದಂತೆ. ನಟ್ಟನಡುವೆ, ಪದರಗಳ ಸಂದಿಯಲ್ಲಿ, ಒಂದು ಕರಿಯ ಕೂದಲು ಸುರುಳಿ ಸುತ್ತಿ ಕೂತಿತ್ತು. ಬೇರೆಂದುಕೊಂಡು ಎಳೆದು ಬಿಸಾಡಿದ. ಹೋಳುಗಳಿಗೆ ಬೂದಿ ಹಚ್ಚಿ, ಎಂಟು ಕುಂಡಗಳಲ್ಲಿ ಮರಳು ತುಂಬಿ, ಒಲೆಯ ಪಕ್ಕ ಸಾಲಾಗಿಟ್ಟ.

ಹೊರಗೆ ಮೊದಲ ಹಿಮ ಬಿತ್ತು. ಒಳಗೆ ಅವು ಚಿಗುರಿದವು. ತಿಂಗಳುಗಟ್ಟಲೆ ಕಾಯಬೇಕಾದದ್ದು ಹನ್ನೆರಡೇ ದಿನಕ್ಕೆ. ಹಗಲು ಹೊತ್ತು ಮನೆ ಸದ್ದಿಲ್ಲದೆ ಇದ್ದಾಗ ಒಲೆಯ ಕಡೆಯಿಂದ ಒಣ ಸಿಪ್ಪೆ ಉಜ್ಜಿಕೊಳ್ಳುವ ಸರಸರ ಕೇಳುತ್ತಿತ್ತು. ಇಲಿಯೆಂದುಕೊಂಡು ಬೋನು ಇಟ್ಟ. ಬೋನು ಖಾಲಿಯೇ ಉಳಿಯಿತು.

ಜನವರಿಯಲ್ಲಿ, ಮೂವರು ಅರಸರ ಹಬ್ಬದ ದಿನ, ಎಂಟರಲ್ಲಿ ಚೆಂದದ್ದನ್ನು ಆರಿಸಿ ಚಪ್ಪಲಿಯ ಡಬ್ಬಿಯಲ್ಲಿಟ್ಟು ಕರಾವಳಿಯ ಬಸ್ಸಿನ ಚಾಲಕನ ಕೈಗೆ ಕೊಟ್ಟ. ಕೊಯ್ದು ಹೆಚ್ಚಿಸುವ ಬಗೆಯನ್ನೂ ಚೀಟಿಯಲ್ಲಿ ಬರೆದಿಟ್ಟ. ಒಂದರಿಂದ ಅಂಗಳ ತುಂಬಲಿ ಎಂದು.

ಫೆಬ್ರವರಿಯ ಕೊನೆಗೆ, ಹಿಮ ಇನ್ನೂ ಬೀಳುತ್ತಿದ್ದಾಗಲೇ, ಕ್ರಿಸೋಫರೊ ಮತ್ತೆ ಮಲಗಿದ. ತಿಬುರ್ಸಿಯಾ ಬೇರೆ ಗೆಡ್ಡೆ ತಂದು ಉಜ್ಜಿದಳು. ಇಳಿಯಲಿಲ್ಲ. ಮೂರನೆಯ ದಿನ ಅವನ ಹೆಂಡತಿ ಹಾಸಿಗೆಯಿಂದ ಗುಡಿಸಿ ತೆಗೆದದ್ದು ಒಂದು ಬುಟ್ಟಿ ಸಿಪ್ಪೆ. ಒಳಗೆ ಉಳಿದದ್ದನ್ನು ಮಗುವಿನ ಅಳತೆಯ ಶವಪೆಟ್ಟಿಗೆಯಲ್ಲಿ ಹೂಳಿದರು.

ಮಣ್ಣು ಮಾಡಿ ಬಂದ ತಿಬುರ್ಸಿಯಾ ನೆಟ್ಟಗೆ ಹಿತ್ತಲಿನ ಮೂಲೆಗೆ ಹೋಗಿ ಕುಣಿ ನೋಡಿದಳು. ಬಾಗಿಲು ತಟ್ಟದೆ ಒಳಗೆ ಬಂದಳು. ಒಲೆಯ ಪಕ್ಕದ ಸಾಲು ಕಂಡು ಗೋಡೆ ಹಿಡಿದು ನಿಂತಳು.

"ಮೊದಲಿನ ಗೆಡ್ಡೆ ಬದುಕಿರೋವರೆಗೆ ಇನ್ನೊಂದಕ್ಕೆ ಇಳಿಯಲ್ಲ ಮಾರಾಯ. ಸಾಯೋದನ್ನ ಬೆಚ್ಚಗೆ ಸಾಕಿದೀಯಲ್ಲೋ! ಕೊಯ್ದೂ ಇದೀಯ!"

ಎವೊದಿಯೊ ಆಗ ನಗಲಿಲ್ಲ. ಬಲಗೈ ತೋರಿಸಿದ. ಹೆಬ್ಬೆರಳಿನ ಚರ್ಮ ಕಂದು ಕಾಗದದಂತೆ ಎದ್ದಿತ್ತು. ಎರಡು ದಿನದಿಂದ ಕೈಗವಸು ಹಾಕಿಕೊಂಡು ತಿರುಗುತ್ತಿದ್ದ.

"ಏನು ಮಾಡಲಿ ತಾಯಿ?"

"ಎಷ್ಟು ಹೋಳು ಮಾಡಿದೀಯೋ ಅಷ್ಟು ಮನೆ ಹುಡುಕುತ್ತೆ ಅದು. ಎಲ್ಲಾನೂ ಹಿಮಕ್ಕಿಡು. ಒಂದು ಚೂರು ಉಳಿದರೂ ಉಳಿದ ಹಾಗೇ."

ಆ ಸಂಜೆ ಅವನು ಕುಂಡಗಳನ್ನು ಬಡಗಣ ಮೂಲೆಗೆ ಹೊತ್ತು ಸುರಿದ. ಬೆಳಗ್ಗೆ ಹಿತ್ತಲು ಉಪ್ಪು ಚೆಲ್ಲಿದಂತೆ ಬೆಳ್ಳಗಿತ್ತು. ಹೋಳುಗಳು ಕಪ್ಪಗೆ ಕರಗಿ ನೀರಾಗಿದ್ದವು. ಎವೊದಿಯೊ ಕೈಗವಸು ತೆಗೆದು ನೋಡಿದ. ಹೆಬ್ಬೆರಳಿನ ಸಿಪ್ಪೆ ಉದುರಿ ಕೆಂಪು ಚರ್ಮ ಬಂದಿತ್ತು. ಅವನಿಗೆ ಅಳು ಬಂತು.

ತಿಬುರ್ಸಿಯಾ ಕೋಲಿನಿಂದ ಕಪ್ಪು ಗುರುತುಗಳನ್ನು ಮುಟ್ಟಿ ಮುಟ್ಟಿ ಎಣಿಸಿದಳು.

"ಏಳು. ಒಳಗೆ ಎಂಟು ಕುಂಡದ ಗುರುತಿತ್ತು."

ಅವನು ಖಾಲಿ ಕುಂಡಗಳತ್ತ ತಿರುಗಿದ.

"ಎಂಟನೇದು ಎಲ್ಲಿ ದೋನ್ ಎವೊದಿಯೊ?"

ಅವನು ಓಡಿದ. ಇಳಿಜಾರಿನ ಕಲ್ಲು ಜಾರುತ್ತಿತ್ತು. ಬಿದ್ದ. ಎದ್ದ. ಊರಿಗೆಲ್ಲ ಇದ್ದ ಒಂದೇ ಫೋನು ಚೌಕದ ಅಂಗಡಿಯಲ್ಲಿ. ನಂಬರು ತಿರುಗಿಸಿದ. ಬೆರಳು ತಪ್ಪಿತು. ಮತ್ತೆ ತಿರುಗಿಸಿದ. ಗಂಟೆ ಬಾರಿಸಿತು. ಬಾರಿಸುತ್ತಲೇ ಇತ್ತು. ಕಡೆಗೆ ಅಲ್ಬಿನಾ ಎತ್ತಿದಳು.

"ಅಪ್ಪಾ! ನಿಮಗೇ ಮಾಡ್ಬೇಕು ಅಂತಿದ್ದೆ! ನಿನ್ನೆ ಹೆಣ್ಣು ಮಗು ಆಯ್ತು. ಜೀವಂತ ಇದೆ ಅಪ್ಪಾ, ಅಳ್ತಾಳೆ, ಹಾಲು ಕುಡೀತಾಳೆ. ಅಮ್ಮನ ಹೆಸರೇ ಇಟ್ಟಿದೀವಿ."

"ಅಲ್ಬಿನಾ. ಆ ಗೆಡ್ಡೆ."

"ಅಯ್ಯೋ ಅದನ್ನ ನೋಡ್ಬೇಕು ನೀವು! ಹತ್ತೇ ದಿನಕ್ಕೆ ಹೂ ಬಿಡ್ತು. ನೀವು ಬರೆದ ಹಾಗೇ ಕೊಯ್ದೆ. ಅದರ ಮರಿಗಳನ್ನೂ ಕೊಯ್ದೆ. ಅತ್ತೆ ನನ್ನ ಗೆಡ್ಡೆ ಹುಚ್ಚಿ ಅಂತಾರೆ. ನಮ್ಮ ಬೀದಿಗೆಲ್ಲ ಕೊಟ್ಟಿದೀವಿ. ಸೂಲಗಿತ್ತಿ ಒಂದು ಬುಟ್ಟಿ ತಗೊಂಡು ಹೋದಳು, ಹೆರಿಗೆ ಮನೆಗಳಿಗೆಲ್ಲ ಕೊಡ್ತಾಳಂತೆ."

"ಎಷ್ಟು ಹೋಳು?"

"ಯಾರಪ್ಪಾ ಎಣಿಸ್ತಾರೆ!"

ಫೋನಿನೊಳಗಿಂದ ಹೂವಿನ ವಾಸನೆ ಬಂದಂತಾಯಿತು. ಅದರಡಿ ಇನ್ನೊಂದು.

"ಮಗು... ಮಗುವಿನ ಮೈ ಹೇಗಿದೆ?"

"ಚಿನ್ನದ ಹಾಗಿದೆ. ಸ್ವಲ್ಪ ಸಿಪ್ಪೆ ಏಳ್ತಿದೆ ಅಷ್ಟೇ. ಹುಟ್ಟಿದ ಮಕ್ಕಳಿಗೆ ಅದು ಸಹಜ ಅಂತೆ, ಎಣ್ಣೆ ಹಚ್ಚು ಅಂದ್ರು. ಒಂದು ಪದರ ಹೋದ್ರೆ ಕೆಳಗೆ ಎಷ್ಟು ಬೆಳ್ಳಗಿದಾಳೆ ಗೊತ್ತಾ! ಅಪ್ಪಾ? ಕೇಳಿಸ್ತಿದೆಯಾ?"

ಅಂಗಡಿಯ ಬಾಗಿಲಿಗೆ ತಿಬುರ್ಸಿಯಾ ಬಂದು ನಿಂತಿದ್ದಳು. ಸೆರಗಿನಲ್ಲಿ ಹೊಸದೊಂದು ಗೆಡ್ಡೆ ಕಟ್ಟಿಕೊಂಡಿದ್ದಳು. ಎವೊದಿಯೊನ ಮುಖ ನೋಡಿದಳು. ಗಂಟು ಬಿಚ್ಚಲಿಲ್ಲ.

"ಅಲ್ಬಿನಾ," ಎಂದ ಅವನು. "ಅಲ್ಲಿ... ಈ ವರ್ಷ ಚಳಿ ಏನಾದರೂ ಬೀಳುತ್ತಾ ಮಗಳೇ? ಒಂದೇ ಒಂದು ದಿನ?"

ಮಗಳು ನಕ್ಕಳು. ಅವಳ ನಗುವಿನ ಹಿಂದೆ, ತೊಟ್ಟಿಲಿನ ಕಡೆಯಿಂದ, ಒಣ ಸಿಪ್ಪೆ ಉಜ್ಜಿಕೊಳ್ಳುವ ಸದ್ದು ಕೇಳಿಸಿತು.

"ಚಳಿನಾ? ಮೂವತ್ತು ವರ್ಷ ಇಲ್ಲೇ ಇದ್ರಲ್ಲಪ್ಪಾ. ಈ ಊರಲ್ಲಿ ಯಾವತ್ತು ಹಿಮ ಬಿದ್ದಿದೆ?"