ಕಿಟಕಿ ಯಾಕೆ ತೆಗೀತೀರಿ?

ಪರದೆ ತೂಗುಹಾಕುವಾಗ ಕಿಟಕಿ ತೆಗೆಯಬಾರದು. ನಮ್ಮ ಕಸುಬಿನಲ್ಲಿ ಇದು ಅ ಆ ಇ ಈ ಇದ್ದ ಹಾಗೆ. ಗಾಳಿ ಬಂದರೆ ಬಟ್ಟೆ ಅಲ್ಲಾಡುತ್ತದೆ, ಅಂಚು ಸಮನಾಗಿದೆಯೋ ಇಲ್ಲವೋ ದೇವರಿಗೂ ಗೊತ್ತಾಗುವುದಿಲ್ಲ. ಹೊಲಿಯುವ ನನಗೇ ಇದು ಗೊತ್ತಿರುವಾಗ, ತೂಗುಹಾಕುವವನಿಗೆ ಗೊತ್ತಿರಬೇಡವೇ?

ಅವನಿಗೂ ಗೊತ್ತಿತ್ತು. ಆದರೂ ನಾನು ಕೋಣೆಯೊಳಗೆ ಕಾಲಿಟ್ಟ ಕೂಡಲೇ ಏಣಿಯ ಮೇಲಿಂದಲೇ ಕೈ ಚಾಚಿ ಕಿಟಕಿ ತೆಗೆಯುತ್ತಿದ್ದ. ಚಳಿಯಿರಲಿ, ಧೂಳಿರಲಿ, ಅದೊಂದು ತಪ್ಪುತ್ತಿರಲಿಲ್ಲ.

ಅಂಗಡಿಯಲ್ಲಿ ಎಲ್ಲರೂ ಅವನನ್ನು ‘ಏಣಿ’ ಎನ್ನುತ್ತಿದ್ದರು. ಉದ್ದನೆಯ ಆಳು, ಹೊತ್ತು ಮುಳುಗುವವರೆಗೂ ಏಣಿಯ ಮೇಲೇ ಇರುವವನು. ನನ್ನ ಹೆಸರು ‘ಸೂಜಿ’. ಹೊಲಿಗೆಯಿಂದ ಬಂದ ಹೆಸರು ಅಂತ ನಾನು ಹೇಳುತ್ತೇನೆ, ನಾಲಿಗೆಯಿಂದ ಬಂದದ್ದು ಅಂತ ಉಳಿದವರು ಹೇಳುತ್ತಾರೆ.

ಗಿರಾಕಿಗಳ ಮನೆಗೆ ನಾವಿಬ್ಬರೇ ಹೋಗುತ್ತಿದ್ದೆವು. ಅಂಗಡಿಯ ವ್ಯಾನು ಅವನು ಓಡಿಸುತ್ತಿದ್ದ, ಪಕ್ಕದಲ್ಲಿ, ಅವನ ಎಡಗಡೆ, ತೊಡೆಯ ಮೇಲೆ ಬಟ್ಟೆಯ ಗಂಟಿಟ್ಟುಕೊಂಡು ನಾನು. ಮನೆ ಸೇರಿದ ಮೇಲೆ ಅವನು ಮೇಲೆ, ನಾನು ಕೆಳಗೆ. ಪರದೆಯ ಕೊಕ್ಕೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತಿದ್ದ, ಹಾಗಾಗಿ ಮಾತಿಲ್ಲ. "ಎಡಕ್ಕಾ?" ಎಂದು ನಾನು ಕೇಳಿದರೆ ಎಡ ಹುಬ್ಬು ಏರುತ್ತಿತ್ತು. "ಬಲಕ್ಕಾ?" ಎಂದರೆ ಬಲ ಹುಬ್ಬು. ಆ ಹುಬ್ಬುಗಳನ್ನು ನೋಡಬೇಕೆಂದೇ ನಾನು ಎಷ್ಟೋ ಸಲ ಬೇಡದ ಪ್ರಶ್ನೆ ಕೇಳಿದ್ದೇನೆ. ಅವನೂ ಕೆಲಸ ಮುಗಿದ ಮೇಲೆ ಬೇಕೆಂದೇ ಪರದೆಯ ಮರೆಯಲ್ಲಿ ನಿಂತು, ನೆರಿಗೆಯ ಸಂದಿಯಿಂದ ನನ್ನನ್ನು ನೋಡುತ್ತಿದ್ದ. ನಾನು ನೋಡಿದರೆ ನೆರಿಗೆ ಸರಿಮಾಡುವವನ ಹಾಗೆ ನಟಿಸುತ್ತಿದ್ದ.

ಇಷ್ಟೆಲ್ಲ ಇದ್ದೂ ಕೆಳಗಿಳಿದ ಕೂಡಲೇ ಮಾರು ದೂರ. ಒಂದು ಲೋಟ ಚಹಾ ಕೈಗೆ ಕೊಡುವುದಿದ್ದರೂ ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂದು ದಿನ ಗಿರಾಕಿಯೊಬ್ಬರು ಪರದೆ ವಾಪಸ್ ಕಳಿಸಿದರು. ನಾನು ಅದನ್ನು ಅವನ ಮುಂದೆ ಹರಡಿದೆ.

"ಏನ್ರೀ ಇದು? ಒಂದು ಕಡೆ ನೆಲ ಗುಡಿಸ್ತಾ ಇದೆ, ಇನ್ನೊಂದು ಕಡೆ ಮೊಣಕಾಲು ತೋರಿಸ್ತಾ ಇದೆ!"

"ನನ್ನದೇ ತಪ್ಪು. ಸರಿ ಮಾಡ್ತೀನಿ."

"ತಪ್ಪು ಯಾರದ್ದು ಅಂತ ಕೇಳಿದ್ನಾ ನಾನು? ನಾನು ಬಂದ ಕೂಡ್ಲೇ ಕಿಟಕಿ ಯಾಕೆ ತೆಗೀತೀರಿ, ಅದು ಹೇಳಿ."

ಅವನ ಕಿವಿ ಕೆಂಪಾಯಿತು. ಸ್ಕ್ರೂಡ್ರೈವರನ್ನು ತಿರುವಿ ತಿರುವಿ ನೋಡಿದ. "ಸ್ವಲ್ಪ ಗಾಳಿ ಆಡ್ಲಿ ಅಂತ" ಎಂದವನೇ ಹೊರಗೆ ಹೋಗಿಬಿಟ್ಟ.

ನನಗೆ ಆಗ ಹೊಳೆಯಿತು. ಹೊಳೆಯಿತು ಅಂದುಕೊಂಡೆ, ಅಷ್ಟೆ. ವ್ಯಾನಿನಲ್ಲಿ ಕೆಲವೊಮ್ಮೆ ಒಂದು ಘಾಟು ವಾಸನೆ ಬರುತ್ತಿತ್ತು, ಹೆಚ್ಚಿಟ್ಟ ಈರುಳ್ಳಿಯಂಥದ್ದು. ನಾನು ಹತ್ತಿ ಕೂತ ಕೂಡಲೇ ಅವನು ಕಿಟಕಿಯ ಗಾಜು ಇಳಿಸುತ್ತಿದ್ದ. ಅವನೋ, ಇಸ್ತ್ರಿ ಮುರಿಯದ ಶರ್ಟಿನವನು, ಮಧ್ಯಾಹ್ನ ಮೈ ತೊಳೆದು ಇನ್ನೊಂದು ಶರ್ಟು ಹಾಕುವವನು, ಮೈಯೆಲ್ಲ ಸೋಪಿನ ಪರಿಮಳ. ತನ್ನ ವಾಸನೆಗೆ ಯಾರಾದರೂ ಕಿಟಕಿ ತೆಗೆಯುತ್ತಾರೆಯೇ? ಹಾಗಾದರೆ ಆ ವಾಸನೆ ನನ್ನದೇ!

ಮನೆಗೆ ಬಂದು ಅತ್ತಿಗೆಯನ್ನು ಅಡುಗೆಮನೆಯ ಮೂಲೆಗೆ ಎಳೆದುಕೊಂಡು ಹೋದೆ. "ಅತ್ತಿಗೆ, ನಿಜ ಹೇಳಿ, ನನ್ನ ಕಂಕುಳು ನಾರುತ್ತಾ?"

ಅತ್ತಿಗೆ ಮೂಸಿ ನೋಡಿದರು. "ಇಲ್ಲ ಕಣೇ. ನಿನ್ನ ಮಾತು ಮಾತ್ರ ಆಗಾಗ."

"ತಮಾಷೆ ಬೇಡ!"

ನಾದಿನಿ ಅಂತ ದಾಕ್ಷಿಣ್ಯಕ್ಕೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಫೋನಿನಲ್ಲಿ ಹುಡುಕಿದೆ. ಕಂಕುಳಿನ ದುರ್ವಾಸನೆಗೆ ಆಪರೇಷನ್ ಇದೆಯಂತೆ, ವಾಸನೆಗೆ ಕಾರಣವಾದ ಗ್ರಂಥಿಗಳನ್ನೇ ತೆಗೆಯುತ್ತಾರಂತೆ. ಒಳ್ಳೆಯದಾಯಿತು, ಕತ್ತರಿಸಿ ಎಸೆದರೆ ಪೀಡೆ ಹೋಯಿತು ಎಂದು ಮರುದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ.

ಡಾಕ್ಟರು ವಯಸ್ಸಾದ ಹೆಂಗಸು. ನನ್ನ ಕಥೆಯೆಲ್ಲ ಕೇಳಿ, ಎರಡೂ ಕಂಕುಳಿಗೆ ಗಾಜ್ ಬಟ್ಟೆಯ ತುಂಡು ಇಟ್ಟು, "ಕೈ ಬಿಗಿ ಹಿಡ್ಕೊಂಡು ಹೊರಗೆ ಕೂತಿರಮ್ಮ. ಆಮೇಲೆ ಅದನ್ನ ಮೂಸಿ ನೋಡ್ತೀನಿ. ಮೂಸದೆ ನಾನು ಕತ್ತರಿ ಮುಟ್ಟಲ್ಲ" ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಎದುರು ಬೆಂಚಿನಲ್ಲಿ ಒಬ್ಬ ಉದ್ದನೆಯ ಆಳು, ನನ್ನಂತೆಯೇ ಎರಡೂ ಕೈ ಮೈಗೆ ಒತ್ತಿಕೊಂಡು, ಮಳೆಗೆ ನೆಂದ ಕೋಳಿಯ ಹಾಗೆ ಮುದುರಿ ಕೂತಿದ್ದ. ತಲೆಯೆತ್ತಿದ. ಏಣಿ!

ಏಳೋಣವೆಂದರೆ ಗಾಜ್ ಬೀಳುತ್ತದೆ. ಮುಖ ಮುಚ್ಚೋಣವೆಂದರೆ ಕೈ ಎತ್ತುವ ಹಾಗಿಲ್ಲ. ಇಬ್ಬರೂ ಹಾಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು.

"ನೀವು... ಇಲ್ಲಿ?" ಎಂದ.

"ನಿಮ್ಮಿಂದಾನೇ. ನನ್ನ ವಾಸನೆ ತಡೀಲಾರದೆ ಕಿಟಕಿ ತೆಗೀತೀರಲ್ಲ, ಅದಕ್ಕೇ ಆಪರೇಷನ್ ಮಾಡಿಸ್ಕೊಳ್ಳೋಣ ಅಂತ."

ಅವನು ಕಾರಿಡಾರೇ ತಿರುಗಿ ನೋಡುವಂತೆ ಕೂಗಿದ, "ಅಯ್ಯೋ, ಅದು ನಿಮ್ಮದಲ್ಲ ರೀ! ನಂದು!"

ಗೋಡೆಗೆ ಬಣ್ಣ ಬಳಿಯುತ್ತಿದ್ದವನೂ ಕುಂಚ ನಿಲ್ಲಿಸಿ ನೋಡಿದ. ಏಣಿ ದನಿ ತಗ್ಗಿಸಿದ. "ಚಿಕ್ಕಂದಿನಿಂದ... ಅಂದ್ರೆ, ಮೀಸೆ ಬಂದಾಗಿನಿಂದ ಇದೆ. ಶಾಲೇಲಿ ನನ್ನ ಬೆಂಚಲ್ಲಿ ನಾನೊಬ್ನೇ. ಮನೆ ಫೋಟೋಗಳಲ್ಲೆಲ್ಲ ನಾನು ತುದೀಲಿ. ಕೈ ಮೇಲೆತ್ತೋ ಕೆಲಸಾನೇ ಸಿಗ್ಬೇಕಾ ನನಗೆ! ನೀವು ಹತ್ರ ಬಂದಾಗ ನಿಮ್ಮ ಮೂಗಿಗೆ ಹೋಗದಿರ್ಲಿ ಅಂತ ಕಿಟಕಿ..."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಡಾಕ್ಟರು ನನ್ನ ಗಾಜ್ ಮೂಸಿದರು. "ಹತ್ತಿ ವಾಸನೆ ಬಿಟ್ರೆ ಏನೂ ಇಲ್ಲಮ್ಮ. ಮನೆಗೆ ಹೋಗು."

ನಾನು ಹೋಗಲಿಲ್ಲ. ಆಪರೇಷನ್ ಆದರೆ ನೋಡಿಕೊಳ್ಳಲು ಯಾರಾದರೂ ಬೇಕು ಎಂದು ಡಾಕ್ಟರು ಅವನಿಗೆ ಮೊದಲೇ ಹೇಳಿದ್ದರಂತೆ. "ನೀವು... ಒಳಗೆ ಬರ್ತೀರಾ?" ಎಂದು ಅವನು ನೆಲ ನೋಡುತ್ತ ಕೇಳಿದ. ಹೋಗಿ ಪಕ್ಕದಲ್ಲಿ ಕೂತೆ.

ಅವನ ಗಾಜ್ ಬಟ್ಟೆಯನ್ನು ಡಾಕ್ಟರು ಮೂಗಿಗೆ ತರುವ ಮೊದಲೇ ಇಳಿಸಿದರು. "ಇದೆ. ಕೊಳಕಿನಿಂದ ಬಂದದ್ದಲ್ಲಪ್ಪ, ವಂಶದಿಂದ ಬಂದದ್ದು. ಕಂಕುಳಲ್ಲಿ ಒಂದು ಥರದ ಗ್ರಂಥಿ ಇರುತ್ತೆ. ಅದರ ಬೆವರು ಸ್ವಲ್ಪ ಮಂದ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಅದನ್ನ ತಿಂದು ವಾಸನೆ ಎಬ್ಬಿಸ್ತವೆ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

"ಅಪ್ಪನಿಗಿತ್ತು."

"ಲೋಷನ್ನು, ಇಂಜೆಕ್ಷನ್ನು?"

"ಎಲ್ಲಾ ಆಯ್ತು. ಇಂಜೆಕ್ಷನ್ ಕೊಟ್ಟಾಗ ಕೆಲವು ತಿಂಗಳು ಆರಾಮಿತ್ತು. ಆಮೇಲೆ ಮತ್ತೆ ಹಳೇ ಕಥೆ. ಈಗ ಆಪರೇಷನ್ನೇ ಮಾಡಿಬಿಡಿ."

ಡಾಕ್ಟರು ಅವಸರ ಮಾಡಲಿಲ್ಲ. ಸಣ್ಣ ತೂತು ಮಾಡಿ, ನಳಿಕೆ ತೂರಿಸಿ, ಗ್ರಂಥಿಗಳನ್ನು ಕೆರೆದು ಹೀರಿ ತೆಗೆಯಬಹುದು. ಗಾಯ ಚಿಕ್ಕದು, ಬೇಗ ಕೆಲಸಕ್ಕೆ ಹೋಗಬಹುದು, ಆದರೆ ವಾಸನೆ ಮರಳುವ ಸಂಭವ ಹೆಚ್ಚು. ಇನ್ನೊಂದು, ಕಂಕುಳಿನ ಮಡಿಕೆಯಲ್ಲಿ ಸೀಳಿ, ಚರ್ಮವನ್ನು ಮಗುಚಿ, ಒಳಬದಿಯ ಗ್ರಂಥಿಗಳನ್ನು ಕಣ್ಣಾರೆ ನೋಡಿ ಕತ್ತರಿಸಿ ತೆಗೆಯುವುದು.

"ಪರದೆಯ ಅಸ್ತರ್ ಬಿಚ್ಚಿದ ಹಾಗೆ" ಎಂದೆ ನಾನು, ಬಾಯಿ ಸುಮ್ಮನಿರದೆ.

"ಹಾಗೇ ಅಂದ್ಕೋ. ಇದು ಹೆಚ್ಚು ನಂಬಿಕೆಯದ್ದು. ಆದ್ರೆ ಒಳಗೆ ರಕ್ತ ಕಟ್ಟಬಹುದು, ಅಂಚಿನ ಚರ್ಮ ಸಾಯಬಹುದು, ಕಲೆ ಉಳಿಯುತ್ತೆ. ಕಲೆ ಬಿಗಿದ್ರೆ ಕೈ ಪೂರ್ತಿ ಮೇಲೇಳದಿರಬಹುದು. ನಿನ್ನದು ಕೈ ಎತ್ತೋ ಕೆಲಸ. ಚರ್ಮ ಸಮೇತ ಕತ್ತರಿಸಿ ತೆಗೆಯೋ ಪದ್ಧತಿನೂ ಇದೆ, ಅದರಲ್ಲಿ ಈ ಭಯ ಇನ್ನೂ ಜಾಸ್ತಿ, ನಿನಗೆ ಬೇಡ. ಎದೆಯೊಳಗಿನ ನರ ಕತ್ತರಿಸೋದು ಅಂತೊಂದಿದೆ, ಅದು ವಾಸನೆಗಲ್ಲ, ಬೆವರಿಗೆ. ಕೈ ಒಣಗಿ ಬೆನ್ನು ಹೊಟ್ಟೆಯಲ್ಲೆಲ್ಲಾ ಬೆವರು ಸುರಿಯೋಕೆ ಶುರುವಾದ್ರೆ ಏನ್ ಮಾಡ್ತೀಯ?"

"ಎರಡನೇದು ಮಾಡಿ ಡಾಕ್ಟ್ರೇ. ಪೂರ್ತಿ ಹೋಗುತ್ತಲ್ವಾ?"

"ಬಹಳ ಮಟ್ಟಿಗೆ. ನೂರಕ್ಕೆ ನೂರು ಅಂತ ಮಾತು ಕೊಡೋ ಡಾಕ್ಟರು ಸಿಕ್ಕಿದ್ರೆ ಅಲ್ಲಿಂದ ಓಡು."

ಹೊರಗೆ ಬಂದು ಮತ್ತೆ ಅದೇ ಬೆಂಚಿನಲ್ಲಿ ಕೂತೆವು, ಈ ಸಲ ಪಕ್ಕಪಕ್ಕ. ಅವನು ಜರುಗಿದ. ನಾನೂ ಜರುಗಿದೆ. ಬೆಂಚು ಮುಗಿಯಿತು, ಅವನು ಅಲ್ಲೇ ಕೂರಲೇಬೇಕಾಯಿತು.

"ಈಗ ವಾಸನೆ ಬರ್ತಾ ಇದೆಯಾ? ನಿಜ ಹೇಳಿ."

"ಬರ್ತಾ ಇದೆ."

ಅವನ ಮುಖ ಇಳಿಯಿತು. ಸುಳ್ಳು ಹೇಳಬಹುದಿತ್ತು. ಆದರೆ ಜೀವಮಾನವಿಡೀ ಮೂಗು ಮುಚ್ಚಿದವರನ್ನೂ, ಇಲ್ಲಪ್ಪಾ ಏನೂ ಇಲ್ಲ ಎಂದು ದೂರ ಕೂತವರನ್ನೂ ಕಂಡವನಿಗೆ ಇನ್ನೊಂದು ಸುಳ್ಳು ಯಾಕೆ?

"ಬರ್ತಾ ಇದೆ. ನಾನು ಎದ್ದು ಹೋದ್ನಾ?" ಎಂದೆ.

ಅವನು ನಿಧಾನಕ್ಕೆ ಹೇಳಿದ, "ಅಪ್ಪನ ಬಗ್ಗೆ ಅಮ್ಮ ಯಾವತ್ತೂ ಒಂದು ಮಾತೂ ಆಡಿದವಳಲ್ಲ. ಅವಳಿಗೆ ಮೂಗೇ ಇಲ್ವೇನೋ ಅಂದ್ಕೊಂಡಿದ್ದೆ."

"ಮೂಗಿತ್ತು ಕಣ್ರೀ. ಮನಸ್ಸೂ ಇತ್ತು."

ಅವನು ನನ್ನ ಕಡೆ ತಿರುಗಿದ. ಪರದೆಯ ಮರೆಯಿಲ್ಲದೆ, ಅಷ್ಟು ಹತ್ತಿರದಿಂದ ಅವನು ನನ್ನನ್ನು ನೋಡಿದ್ದು ಅದೇ ಮೊದಲು. "ಒಬ್ಬರಿಗೆ ಒಂದು ಮಾತು ಹೇಳೋದಿದೆ. ಏಣಿ ಮೇಲಿಂದ ಹೇಳೋ ಮಾತಲ್ಲ, ಹತ್ತಿರ ನಿಂತು ಹೇಳ್ಬೇಕು. ಇದು ಹೋದ ಮೇಲೆ ಹೇಳ್ತೀನಿ."

ನನ್ನ ಎದೆ ಹೊಲಿಗೆ ಮಿಷನ್ನಿನಂತೆ ಹೊಡೆದುಕೊಂಡಿತು. "ಹೋಗದಿದ್ರೆ?"

"ಹೋಗದಿದ್ರೆ ಹೇಳಲ್ಲ. ಅಷ್ಟು ಅನ್ಯಾಯ ನಾನು ಯಾರಿಗೂ ಮಾಡಲ್ಲ."

ಮೈ ಉರಿದುಹೋಯಿತು. ಮಾತಿಗೂ ಕಂಕುಳಿಗೂ ಗಂಟು ಹಾಕಿ ಕೂತಿದ್ದಾನೆ ಮಹಾನುಭಾವ! "ನೋಡಿ, ನನಗೋಸ್ಕರ ಅಂತ ಯಾರೂ ಮೈ ಸೀಳಿಸ್ಕೊಳ್ಳೋದು ಬೇಡ."

"ನಿಮಗೋಸ್ಕರ ಅಂತ ನಾನೆಲ್ಲಿ ಹೇಳ್ದೆ?" ಎಡ ಹುಬ್ಬು ಏರಿತು.

"ಹಾಗಂತ... ನಾನೂ ಹೇಳ್ಲಿಲ್ಲ."

ಅವನು ನಕ್ಕ. ನಗು ಮುಗಿದ ಮೇಲೆ ಹೇಳಿದ, "ನನಗೇ ಬೇಕು. ತುಂಬಿದ ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೊಂಡು ನಿಲ್ಬೇಕು. ಒಂದು ಸಲನಾದ್ರೂ."

ಸೂಜಿಗೂ ದಾರ ಮುಗಿಯುತ್ತದೆ.

ಆಪರೇಷನ್ ಆಯಿತು. ಎರಡೂ ಕಂಕುಳಿಗೆ ಹತ್ತಿಯ ಉಂಡೆ ಒತ್ತಿ, ಮೇಲಿಂದ ದಾರ ಬಿಗಿದು ಕಟ್ಟಿದ್ದರು. ಕೈ ಎತ್ತುವ ಹಾಗಿಲ್ಲ, ಶರ್ಟು ತೊಡುವ ಹಾಗೂ ಇಲ್ಲ. ನಾನು ಪರದೆಯ ಉಳಿಕೆ ಬಟ್ಟೆಯಲ್ಲಿ, ಭುಜದಿಂದ ಸೊಂಟದವರೆಗೆ ಪಕ್ಕಗಳನ್ನು ಹೊಲಿಯದೆ ಬಿಟ್ಟು ಲಾಡಿ ಇಟ್ಟು ಅಂಗಿ ಹೊಲಿದೆ. ಮಲಗಿದ್ದವನ ಮೇಲೆ ಹೊದಿಸಿ ಲಾಡಿ ಕಟ್ಟಿದರೆ ಮುಗಿಯಿತು. ಅಂಗೈಯಗಲ ಹೂವುಗಳ ಬಟ್ಟೆ ಅದು. ನೋಡಲು ಬಂದ ಅತ್ತಿಗೆ ಬಾಗಿಲಲ್ಲೇ ನಿಂತು, "ಇದೇನೇ, ರೋಗಿನೋ ಕಿಟಕಿನೋ?" ಎಂದರು. ಅವನು ನಗಲು ಹೋಗಿ ಹೊಲಿಗೆ ನೋಯಿಸಿಕೊಂಡ.

ಅವನು ಹುಷಾರಾಗುವ ತನಕ ಏಣಿ ನಾನು ಹತ್ತಿದೆ. ಹೊಲಿಗೆ ಬಿಚ್ಚಿದ ಮೇಲೆ ಅವನು ಗೋಡೆಗೆ ನಿಂತು ಬೆರಳುಗಳನ್ನು ಮೇಲೆ ಮೇಲೆ ಹತ್ತಿಸುವ ವ್ಯಾಯಾಮ ಮಾಡಿದ. ಕೈ ಮೊದಲು ಭುಜದವರೆಗೆ, ಆಮೇಲೆ ಕಿವಿಯವರೆಗೆ, ಕೊನೆಗೆ ಪೂರ್ತಿ ಎದ್ದಿತು. ಅವತ್ತು ಅವನು ಕೆಲಸವಿಲ್ಲದಿದ್ದರೂ ಬಸ್ಸು ಹತ್ತಿ, ಕೂರಲು ಜಾಗವಿದ್ದರೂ ಕಂಬಿ ಹಿಡಿದು ನಿಂತು, ಊರ ತುದಿಯವರೆಗೆ ಹೋಗಿ ಬಂದ. ಬಂದು ಚಿಕ್ಕ ಮಕ್ಕಳ ಹಾಗೆ ವರದಿ ಒಪ್ಪಿಸಿದ. ಆದರೆ ಆ ಮಾತು ಮಾತ್ರ ಹೇಳಲಿಲ್ಲ.

ವಾರಗಳು ಕಳೆದವು. ನಾನು ಕಾದೆ. ಕಾಯುವುದು ನನ್ನ ಜಾಯಮಾನವಲ್ಲ, ಆದರೂ ಕಾದೆ. ಅವನು ಹತ್ತಿರ ನಿಲ್ಲುತ್ತಿದ್ದ, ಲೋಟ ಕೈಗೇ ಕೊಡುತ್ತಿದ್ದ. ಆಮೇಲೊಂದು ದಿನ ಇದ್ದಕ್ಕಿದ್ದಂತೆ ಮತ್ತೆ ಲೋಟ ಮೇಜಿನ ಮೇಲೆ ಬಂತು. ವ್ಯಾನು ಹತ್ತಿದರೆ ಕಿಟಕಿಯ ಗಾಜು ಕೆಳಗಿಳಿದಿತ್ತು.

"ಏನಾಯ್ತು?" ಎಂದೆ.

ಅವನು ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡಿದ್ದ. ವ್ಯಾನು ಚಾಲೂ ಮಾಡಿರಲಿಲ್ಲ. "ನಿನ್ನೆ ಡಾಕ್ಟರ ಹತ್ರ ಹೋಗಿದ್ದೆ. ಬಲಗಡೆ ಪೂರ್ತಿ ಹೋಗಿದೆ. ಎಡಗಡೆ... ಸ್ವಲ್ಪ ಉಳಿದಿದೆಯಂತೆ. ಮೊದಲಿನಷ್ಟಿಲ್ಲ, ಲೋಷನ್ ಸಾಕಂತೆ. ಆದ್ರೆ ಉಳಿದಿದೆ. ಆ ಮಾತು ಮರೆತುಬಿಡಿ."

ಹೊರಗೆ ಜನ ಓಡಾಡುತ್ತಿದ್ದರು. ನಾನು ಬಟ್ಟೆಯ ಗಂಟನ್ನು ತೊಡೆಯಿಂದ ಇಳಿಸಿ ಕಾಲ ಬುಡದಲ್ಲಿಟ್ಟೆ.

"ವ್ಯಾನಲ್ಲಿ ನಾನು ಕೂರೋದು ಯಾವ ಕಡೆ?"

"ಅಂದ್ರೆ?"

"ಕೇಳಿದ್ದಕ್ಕೆ ಹೇಳಿ. ನಿಮ್ಮ ಬಲಗಡೆಯಾ, ಎಡಗಡೆಯಾ?"

"ಎಡಗಡೆ."

"ಇಷ್ಟು ದಿನ ಎಲ್ಲಿ ಕೂತಿದ್ದೆ?"

"ಎಡಗಡೆನೇ."

"ಇನ್ಮುಂದೆನೂ ಅಲ್ಲೇ ಕೂರ್ತೀನಿ. ಜಾಗ ಬದಲಾಯಿಸೋ ಅಭ್ಯಾಸ ನನಗಿಲ್ಲ."

ಅವನು ನನ್ನನ್ನು ನೋಡಿದ. ಕಣ್ಣು ತುಂಬಿತ್ತು, ಮರೆಮಾಡಿಕೊಳ್ಳಲು ಪರದೆ ಇರಲಿಲ್ಲ. ಕೊನೆಗೂ ಕೇಳಿದ, "ಹಾಗಾದ್ರೆ ಆ ಮಾತು... ಈಗ ಹೇಳ್ಲಾ?"

"ಹೇಳಿ. ಮೊದಲು ಕಿಟಕಿ ಮುಚ್ಚಿ" ಎಂದೆ. "ಅದೆಲ್ಲ ರಸ್ತೆಯವರಿಗೆ ಕೇಳಿಸ್ಬೇಕಾಗಿಲ್ಲ."

ಅವನು ಗಾಜು ಏರಿಸಿದ.